ರಾಕೆಟ್ಟಿನ ಹಗ್ಗ

ಮೊನ್ನೆ ಚಳ್ಳಕೆರೆಯಲ್ಲಿ ರೂಮು ಬದಲಿಸಿ ಪುಸ್ತಕದ ಕಟ್ಟು ಬಿಚ್ಚುತ್ತಿದ್ದಾಗ ಕೈಗೆ ಕುದುರೆಯ ವಾಸನೆ ಹತ್ತಿತು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನವಾಗಿ ಬಂದ ಪುಸ್ತಕಗಳು. ಅರ್ಧಕ್ಕರ್ಧ ನಾನು ಓದಿಲ್ಲ, ಆ ಮಾತು ನಮ್ಮೊಳಗಿರಲಿ. ವಾಸನೆ ಪುಸ್ತಕಗಳದ್ದಲ್ಲ, ಅವನ್ನು ಬಿಗಿದಿದ್ದ ಹಗ್ಗದ್ದು. ಬೆವರು, ಬೇಯಿಸಿದ ಹುರುಳಿ, ಒಣಹುಲ್ಲು. ಒಂದು ಸಲ ಮೂಸಿದೆ. ನಂಬಿಕೆ ಬರದೆ ಇನ್ನೊಂದು ಸಲ ಮೂಸಿದೆ. ನನ್ನ ಸ್ವಭಾವವೇ ಹಾಗೆ ನೋಡಿ. ಹಾಲು ಕೆಟ್ಟಿದೆ ಎಂದು ಅವ್ವ ಹೇಳಿದರೂ ಒಂದು ಗುಟುಕು ಕುಡಿದೇ ಒಪ್ಪುವವಳು.

ಆ ಹಗ್ಗದ ತುದಿಯಲ್ಲಿ ಒಂದು ಕಾಲಕ್ಕೆ ರಾಕೆಟ್ ಇತ್ತು. ಹೆಸರು ಕೇಳಿ ಹೆದರಬೇಡಿ. ಅದೊಂದು ತಟ್ಟು, ಕುರಿಹಿಂಡಿನ ಜೊತೆ ಹೊರೆ ಹೊತ್ತು ನಡೆಯುವ ಸಣ್ಣ ಜಾತಿಯ ಕುದುರೆ. ಬಿ.ಜಿ. ಕೆರೆಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಅಣ್ಣ ಒಂದು ವರ್ಷ ಕುರಿಹಿಂಡು ಕೂಡಿಸಿದ್ದ. ಹಿಂಡು ಹೊರಡುವ ದಿನ ಈ ಕುದುರೆಮರಿ ಕಾಲು ಉಳುಕಿಸಿಕೊಂಡು ನಿಂತುಬಿಟ್ಟಿತ್ತು. ಹಿಂಡಿನ ಯಜಮಾನ ದೇವಸಮುದ್ರದ ಕಡೆಯ ಈರಜ್ಜ. "ಇದು ನಡೆಯಾಕಿಲ್ಲಪ್ಪ. ನಿನ್ನ ಮಗಳಿಗೆ ಆಟಕ್ಕಾತು, ಇಟ್ಕೋ" ಎಂದು ಅಣ್ಣನಿಗೆ ಹೇಳಿ ಬಿಟ್ಟು ಹೋದ. ಅವ್ವ ಹರಳೆಲೆ ಬಿಸಿ ಮಾಡಿ ಕಟ್ಟಿ ಕಟ್ಟಿ ಕಾಲು ನೆಟ್ಟಗೆ ಮಾಡಿದಳು. ಅಣ್ಣನ ಮಗಳು ಸಿಂಚನ, ಆಗ ಏಳು ವರ್ಷದವಳು, ಹೆಸರಿಟ್ಟಳು. ತನ್ನ ಜಡೆಯ ರಿಬ್ಬನ್ನು ಅದರ ಕೊರಳಿಗೆ ಕಟ್ಟಿದಳು. ತಾನು ಅರ್ಧ ಕಚ್ಚಿದ ಬಿಸ್ಕತ್ತು ಅದಕ್ಕೆ, ಅದು ಅರ್ಧ ಕಚ್ಚಿದ್ದು ತನಗೆ.

ಎರಡು ವರ್ಷ ನಡೆಯಿತು ಆ ಸಂಸಾರ. ಆಮೇಲೆ ಅವಳ ಸೋದರಮಾವನ ಮನೆಯಿಂದ ಒಂದು ಹಳೆಯ ಸೈಕಲ್ ಬಂತು. ರಾಕೆಟ್ ಗೂಟದಲ್ಲೇ ಉಳಿಯಿತು.

"ಮಗೂಗೆ ಬ್ಯಾಡಾದ್ಮೇಲೆ ಯಾಕೆ ಕಟ್ಟಾಕ್ಕೊಂಡು ಕುಂತ್ಕಾಬೇಕು?" ಎಂದು ಅವ್ವ ಎತ್ತಿದ ಪ್ರಶ್ನೆ ಮನೆಯ ಚರ್ಚೆಯಾಯಿತು. ಟ್ರ್ಯಾಕ್ಟರ್ ಓಡಿಸುವ ಅಣ್ಣ ಎಂದಿನಂತೆ ಯಾವ ಪಕ್ಷಕ್ಕೂ ಸೇರಲಿಲ್ಲ. ನಾನು ಆಗ ಡಿಗ್ರಿ ಮೊದಲ ವರ್ಷ. ಭಾನುವಾರ ಭಾನುವಾರ ಊರಿಗೆ ಬರುತ್ತಿದ್ದೆ, ಬಂದವಳೇ ವಿರೋಧ ಪಕ್ಷ ಕಟ್ಟಿದೆ. ಮಗುವಿಗೆ ಬೇಡವಾಗಿದೆ ಎಂಬುದಕ್ಕೆ ಪುರಾವೆ ಎಲ್ಲಿದೆ? ಎರಡು ವರ್ಷದ ಪ್ರೀತಿ ಕಾರಣವಿಲ್ಲದೆ ಇಂಗಿಹೋಗುತ್ತದೆಯೇ? ಇದರ ಹಿಂದೆ ಏನೋ ಇದೆ. ಸಿಂಚನಳನ್ನು ಅಂಗಳದಲ್ಲಿ ನಿಲ್ಲಿಸಿ ವಿಚಾರಣೆ ಶುರುಮಾಡಿದೆ.

"ರಾಕೆಟ್ ಒದೀತೇನೇ?"

"ಇಲ್ಲತ್ತೆ."

"ಶಾಲೇಲಿ ಯಾರಾದ್ರೂ ಆಡಿಕೊಂಡು ನಕ್ಕರಾ?"

"ಇಲ್ಲ."

"ಅಜ್ಜಿ ಏನಾದ್ರೂ ಹೇಳಿಕೊಟ್ಟಿದಾಳಾ? ನಿಜ ಹೇಳು."

"ಅತ್ತೆ, ಸೈಕಲ್ ಚೈನು ಬಿದ್ದೈತೆ. ಹಾಕಿಕೊಡ್ತೀಯಾ?"

ಕೈಯೆಲ್ಲ ಗ್ರೀಸು ಮಾಡಿಕೊಂಡು ಚೈನು ಹಾಕಿಕೊಟ್ಟೆ. ಅನುಮಾನ ಮಾತ್ರ ಹೋಗಲಿಲ್ಲ. ಇಷ್ಟು ಸಲೀಸಾಗಿ ಉತ್ತರಿಸುವ ಸಾಕ್ಷಿಯನ್ನು ಯಾರೋ ತಯಾರು ಮಾಡಿಯೇ ಕಳಿಸಿರುತ್ತಾರೆ.

ಅಷ್ಟರಲ್ಲಿ ಈರಜ್ಜನ ಹಿಂಡು ಮತ್ತೆ ನಮ್ಮ ಕಡೆ ಬಂತು. ಒಂದು ಭಾನುವಾರ ಅಜ್ಜ ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಒಂದು ಹೆಣ್ಣು ಕುರಿಮರಿ ಇಟ್ಟುಕೊಂಡು ಮನೆಗೇ ಬಂದ. ಅವನ ಹೊರೆಕುದುರೆ ಸತ್ತಿತ್ತು. ಕುರಿಮರಿ ಇಟ್ಟುಕೊಂಡು ರಾಕೆಟ್‌ನ ಕೊಡಿ ಎಂದ. ಅವ್ವ ಮಾತಾಡುವ ಮೊದಲೇ ನಾನು ಎದ್ದೆ.

"ಅಲ್ರೀ ಅಜ್ಜಾರೆ, ಕುಂಟು ಅಂತ ಬಿಟ್ಟುಹೋದೋರು ನೀವು. ನಮ್ಮವ್ವ ಗಟ್ಟಿ ಮಾಡಿದ್ಮೇಲೆ ಕೇಳೋಕೆ ಬಂದಿದೀರಿ. ಇದು ನ್ಯಾಯಾನಾ?"

ಒಳ್ಳೆಯ ವಾದ, ನೀವೇ ಹೇಳಿ. ಎದುರಾಳಿ ತಡವರಿಸಬೇಕಿತ್ತು. ಈರಜ್ಜ ಮಾತ್ರ ಕುರಿಮರಿಯನ್ನು ಕೆಳಗಿಳಿಸಿ, "ಹೌದವ್ವಾ. ಅವತ್ತು ಅದನ್ನ ಹೊರಾಕೆ ನನ್ ಕೈಲಾಗ್ಲಿಲ್ಲ, ಬಿಟ್ಟೆ. ಇವತ್ತು ಅದು ನನ್ನ ಕುರಿಮರಿಗಳನ್ನ ಹೊರ್ತೈತೆ, ಅದ್ಕೇ ಕೇಳ್ತಿದೀನಿ. ಇಲ್ಲಿ ಅದು ಸುಮ್ನೆ ನಿಂತೈತೆ. ನಿಂತ ಕುದುರೆ ಕಾಲು ಕೆಡುತೈತೆ" ಎಂದ.

ಆಪಾದನೆಯನ್ನು ಒಪ್ಪಿಕೊಂಡವನ ಎದುರು ಹೇಗೆ ವಾದಿಸುವುದೆಂದು ನಮಗೆ ಯಾರೂ ಕಲಿಸಿರಲಿಲ್ಲ. ನಾನು ಕುರಿಮರಿಯ ನಾಲ್ಕೂ ಕಾಲು ಒತ್ತಿ ನೋಡಿದೆ. ಸರಿಯಾಗಿದ್ದವು. ಅದರಿಂದ ಅನುಮಾನ ಇನ್ನೂ ಹೆಚ್ಚಿತು.

"ಕೊಟ್ಟು ಕಳ್ಸು" ಎಂದಳು ಅವ್ವ.

"ಮಗು ಮನಸ್ಸು ಏನಾಗ್ಬೇಡ?"

"ಯಾವ ಮಗು? ಸಿಂಚು ಅದನ್ನ ಬಿಟ್ಟು ವರ್ಷ ಆತು. ಭಾನುವಾರ ಬಂದು ಅದರ ಮುಂದೆ ನಿಂತ್ಕಂಡು ಭಾಷಣ ಹೊಡಿಯೋಳು ಯಾರು? ನಂಗೇನು ಕಿವಿ ಕೇಳ್ಸಲ್ವಾ? ಬಿಡಾಕಾಗ್ದೇ ಇರೋಳು ನೀನು. ಮಗು ಹೆಸರು ಯಾಕೆ ಹೇಳ್ತೀಯಾ?"

ಅಣ್ಣ ಗೋಡೆಯ ಕಡೆ ತಿರುಗಿಕೊಂಡು ನಕ್ಕ. ಮುಚ್ಚಿಟ್ಟು ಪ್ರಯೋಜನವಿಲ್ಲ, ನಿಜ. ನನ್ನ ಎಲ್ಲ ಬಹುಮಾನದ ಭಾಷಣಗಳ ಮೊದಲ ಶ್ರೋತೃ ರಾಕೆಟ್. ಪರವಾಗಿ ಮಾತಾಡಿದರೂ ಕಿವಿ ಅಲ್ಲಾಡಿಸುತ್ತಿತ್ತು, ವಿರುದ್ಧ ಮಾತಾಡಿದರೂ ಕಿವಿ ಅಲ್ಲಾಡಿಸುತ್ತಿತ್ತು. ಊರಿನವರ ಉದ್ದೇಶವನ್ನೆಲ್ಲ ಕೆದಕುವ ನಾನು ನನ್ನ ಉದ್ದೇಶವನ್ನು ಒಂದು ಸಲವೂ ಕರೆದು ಕೇಳಿರಲಿಲ್ಲ.

ಆದರೂ ಸೋಲೊಪ್ಪಲು ಮನಸ್ಸು ಬರಬೇಕಲ್ಲ! ನಮ್ಮಲ್ಲಿ ಒಂದು ಪದ್ಧತಿ ಇದೆ. ದನವನ್ನು ಮಾರಲಿ, ಕೊಡಲಿ, ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳಂತೆ. ಕೊಡುವವರು ತಮ್ಮ ಹಗ್ಗ ಬಿಚ್ಚಿಕೊಳ್ಳಬೇಕು, ಒಯ್ಯುವವರು ತಮ್ಮದನ್ನು ಹಾಕಬೇಕು. ನಮ್ಮ ಮನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಯಾರ ಹೆಸರಿಗೆ ಬಂದಿತ್ತೋ ಅವರೇ ಬಿಚ್ಚಬೇಕು. "ಲಕ್ಷ್ಮಿಯೇನು ಹಗ್ಗದಲ್ಲಿ ಗಂಟು ಹಾಕ್ಕೊಂಡು ಕೂತಿರ್ತಾಳಾ?" ಎಂದು ವರ್ಷಗಟ್ಟಲೆ ಅವ್ವನನ್ನು ಗೇಲಿ ಮಾಡಿದವಳು ನಾನು. ಅವತ್ತು ಅದೇ ಪದ್ಧತಿಯ ಕಾಲು ಹಿಡಿದೆ.

"ಸಿಂಚನ ಮನೇಲಿಲ್ಲ. ಅವಳು ಬಿಚ್ಚದೆ ಹೆಂಗೆ ಕೊಡ್ತೀಯಾ? ಸಂಪ್ರದಾಯ ಅಂತ ಒಂದೈತೆ ತಾನೆ?"

ಅವ್ವ ನನ್ನ ಮುಖವನ್ನೇ ನೋಡಿದಳು. "ಇವಳ ಬಾಯಲ್ಲಿ ಸಂಪ್ರದಾಯ!" ಎಂದಳು. ಆದರೆ ಹಗ್ಗ ಮುಟ್ಟಲಿಲ್ಲ. ಈರಜ್ಜನೂ "ಹೌದು, ಅದು ಸರೀನೆ" ಎಂದು ಜಗಲಿಯ ಮೇಲೆ ಕುಂತ. ಗೆದ್ದೆ ಎಂದುಕೊಂಡೆ. ಮಗು ಬಂದು ಹಗ್ಗಕ್ಕೆ ಕೈ ಹಾಕಿದಾಗ ಹಳೆಯ ಪ್ರೀತಿ ಉಕ್ಕದೆ ಇರುತ್ತದೆಯೇ?

ಬೆಲ್ಲು ಬಾರಿಸುತ್ತ ಸಿಂಚನ ಬಂದಳು. ಅವ್ವ ವಿಷಯ ಹೇಳಿದಳು. ಅವಳು ಸೈಕಲ್‌ನಿಂದ ಪೂರ್ತಿ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೂರಿ, ಬಾಗಿ, ಕೊರಳಿನ ಗಂಟನ್ನು ಎರಡೇ ಎಳೆತಕ್ಕೆ ಬಿಚ್ಚಿದಳು. "ಟಾಟಾ ರಾಕೆಟ್" ಎಂದು ಅದರ ಹಣೆ ತಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ಈ ಹಗ್ಗ ಕ್ಯಾರಿಯರ್‌ಗೆ ಕಟ್ಕೊಳ್ಳಲಾ?"

ಇದರ ಹಿಂದೆ ಏನೂ ಇರಲಿಲ್ಲ. ಮಗುವಿಗೆ ಬೇಡವಾಗಿತ್ತು, ಅಷ್ಟೇ. ಈರಜ್ಜ ತನ್ನ ಹಗ್ಗ ಹಾಕಿ, "ರಾ ನಾಯನಾ, ರಾ" ಎಂದು ತೆಲುಗಿನಲ್ಲಿ ಕರೆದ. ರಾಕೆಟ್ ನನ್ನತ್ತ ತಿರುಗಿ ನೋಡುತ್ತದೆ ಎಂದು ಕಾದೆ. ಅದು ಕಿವಿ ಅಲ್ಲಾಡಿಸುತ್ತ ಅವನ ಮಾತು ಕೇಳಿಕೊಂಡು ಹೋಯಿತು.

ಆ ಹಗ್ಗವೇ ಇದು. ಕಳೆದ ಸಲ ನನ್ನ ಪುಸ್ತಕಗಳನ್ನು ಕ್ಯಾರಿಯರ್‌ಗೆ ಬಿಗಿದು ಬಸ್ ಸ್ಟ್ಯಾಂಡಿಗೆ ತಂದ ಸಿಂಚನ, "ನೀನೇ ಇಟ್ಕೋ ಅತ್ತೆ" ಎಂದಿದ್ದಳು. ನಿನ್ನೆ ಫೋನು ಮಾಡಿದ್ದಳು. ಸೈಕಲ್ ಬೇಜಾರಾಗೈತಂತೆ, ಖೋಖೋ ತಂಡಕ್ಕೆ ಸೇರಿದ್ದಾಳಂತೆ. ಯಾಕೆ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಚೆನ್ನಾಗಿ ಓಡ್ತೀಯಾ?" ಎಂದು ಕೇಳಿದೆ.

ನಾಳೆ ಮತ್ತೊಂದು ಸ್ಪರ್ಧೆ. ಹಗ್ಗವನ್ನು ಮೊಳೆಗೆ ತೂಗುಹಾಕಿ, ಅದರ ಮುಂದೆ ನಿಂತು ಭಾಷಣ ಶುರುಮಾಡಿದೆ. ನಾಲ್ಕು ವಾಕ್ಯಕ್ಕೆ ನಿಂತಿತು. ಹೊರಗೆ ಹೋಗಿ ಎದುರು ರೂಮಿನ ಹುಡುಗಿಯ ಬಾಗಿಲು ತಟ್ಟಿದೆ.

"ಐದು ನಿಮಿಷ ಬಾರೇ. ನಾನು ಮಾತಾಡ್ತೀನಿ, ಒಪ್ಪಿಗೆ ಆಗ್ದಿದ್ರೆ ಮಧ್ಯದಲ್ಲೇ ತಡೆ" ಎಂದೆ.

ಅವಳು ಬಂದು ಕೂತಳು. ಎರಡನೇ ವಾಕ್ಯಕ್ಕೇ ಕೈ ಎತ್ತಿದಳು.