ಕುಪ್ಪ ಮಾಮನ ಕಾಲಿಗೆ ಬೆಳ್ಳಿ ಲೇಪ

ಬೈತಖೋಲ ಬಂದರಿನಲ್ಲಿ ದೋಣಿಯ ತಳಕ್ಕೆ ಬಣ್ಣ ಹೊಡೆಯಲು ನಮ್ಮ ಕುಪ್ಪ ಮಾಮನೇ ಆಗಬೇಕು. ಮಳೆಗಾಲಕ್ಕೆ ದೋಣಿಗಳು ದಡ ಹತ್ತಿದವೆಂದರೆ ಅವನಿಗೆ ಊಟದ ನೆನಪೂ ಇರುವುದಿಲ್ಲ. ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನೆಲ್ಲ ಕೆರೆದು, ತಾಮ್ರ ಬೆರೆತ ಕೆಂಪು ಬಣ್ಣ ಬಳಿಯುತ್ತಾನೆ. ಆ ಬಣ್ಣ ಇರುವಷ್ಟು ದಿನ ಒಂದು ಚಿಪ್ಪೂ ಅಂಟುವುದಿಲ್ಲ.

ಅಂಥವನು ಹೋದ ಜೂನಿನಲ್ಲಿ ಏಣಿಯಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡ. ಒಳಗೆ ಉಕ್ಕಿನ ಸರಳು ಹಾಕಿದರು. ಎರಡೇ ತಿಂಗಳಿಗೆ ಕೀವು. ಸರಳಿನ ಮೇಲೆ ರೋಗಾಣುಗಳು ಮನೆ ಮಾಡಿದ್ದವು; ಔಷಧಿಗೆ ಜಗ್ಗಲಿಲ್ಲ, ಸರಳನ್ನೇ ತೆಗೆಯಬೇಕಾಯಿತು.

ಕೀವು ಒಣಗಿದ ಮೇಲೆ ಮಂಗಳೂರಿನ ಡಾಕ್ಟರು ಬೇರೊಂದು ಸರಳು ತೋರಿಸಿದರು. ಟೈಟಾನಿಯಂನದು, ರೋಗಾಣು ಕೂರದಂತೆ ಮೇಲೆ ಬೆಳ್ಳಿಯ ತೆಳು ಲೇಪ. ಇದನ್ನು ಹಾಕದಿದ್ದರೆ ಕಾಲು ಉಳಿಯುವುದು ಕಷ್ಟ ಎಂದರು. ಜೊತೆಗಿದ್ದವಳು ನಾನೊಬ್ಬಳೇ, ಅವನ ತಂಗಿಯ ಮಗಳು. ಜಾಣತನ ತೋರಿಸಲು ಹೋಗಿ, "ನೀ ದೋಣಿಗೆ ಹೊಡೆಯೂ ಬಣ್ಣ ಇದ್ದಂಗೇ ಮಾಮಾ," ಎಂದುಬಿಟ್ಟೆ. ಕೆಟ್ಟಿತು ಕೆಲಸ.

"ಹಂಗಾರೆ ಬ್ಯಾಡ," ಎಂದ ಮಾಮ. "ಆ ಬಣ್ಣ ವರ್ಷಕ್ಕೆ ಹೋತದೆ. ವರ್ಷಾ ವರ್ಷಾ ನನ್ನ ಕಾಲು ಬಿಚ್ಚಿ ಬಣ್ಣ ಹೊಡೂಕೆ ಆತದ್ಯಾ, ಡಾಕ್ಟ್ರೇ?"

ಲೇಪದ ಕೆಲಸವಿರುವುದು ಮೊದಲ ಕೆಲವು ವಾರ, ಅಷ್ಟರಲ್ಲಿ ನಿಮ್ಮದೇ ಎಲುಬು, ಮಾಂಸ ಸರಳನ್ನು ಸುತ್ತಿಕೊಂಡರೆ ರೋಗಾಣುವಿಗೆ ಜಾಗವೇ ಸಿಗುವುದಿಲ್ಲ ಎಂದು ಡಾಕ್ಟರು ನಗುತ್ತ ವಿವರಿಸಿದರು. ನಲವತ್ತು ವರ್ಷ ಬಣ್ಣ ಹೊಡೆದವನಿಗೆ ಬಣ್ಣದ ಪಾಠ ಹೇಳುವವರು ಯಾರು? ಮೂರು ದಿನ ಅದೇ ಹಟ. ಹೆಂಡತಿ ಹೀರಾ ಮಾಮಿಗೆ ಫೋನು ಮಾಡಿ ಎಲ್ಲ ಹೇಳಿದರೆ, ಮೀನು ಮಾರುವುದು ಬಿಟ್ಟು ಬರಲಾಗದು ಎಂದಳು. ನನಗೆ ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತ್ತು.

ನಾಲ್ಕನೆಯ ದಿನ ಮಾಮಿ ರೈಲು ಇಳಿದು ಸೀದಾ ವಾರ್ಡಿಗೆ ಬಂದಳು.

"ದೋಣಿಗೆ ಮಾಂಸ ಬೆಳಿತದ್ಯಾ?" ಎಂದಳು, ಅಷ್ಟೇ.

ಅಕ್ಕಪಕ್ಕದ ಮಂಚದವರೆಲ್ಲ ನಕ್ಕರು. ಮಾಮನೂ ನಕ್ಕು ಸಹಿ ಹಾಕಿದ.

ಎಲುಬು ಕೂಡಿದೆ, ಕೀವಿನ ಸುಳಿವಿಲ್ಲ ಎಂದು ಡಾಕ್ಟರು ಹೇಳಿದ ಮರುದಿನ ಮಾಮ ಊರುಗೋಲನ್ನು ನನ್ನ ಕೈಗೆ ಕೊಟ್ಟು ದಡದ ಮೇಲೆ ನಡೆದ. ನನಗೆ ಕುಣಿಯುವಷ್ಟು ಸಂತೋಷ. ಹತ್ತು ಹೆಜ್ಜೆ ಹೋಗಿ ನಿಂತು, "ಬಣ್ಣದ ಮಾತೆಲ್ಲಾ ಸುಳ್ಳೇ," ಎಂದ ಜೊತೆಗಿದ್ದ ಮಾಮಿಗೆ. "ಮತ್ತೊಂದ್ ಸಲ ಕೊಯ್ತಾರೆ ಅಂತ ಹೆದ್ರಿದ್ದೆ."

"ಗೊತ್ತಿತ್ತು," ಎಂದಳು ಮಾಮಿ. "ನಾನೂ ಹೆದ್ರಿದ್ದೆ. ಅದ್ಕೇ ಮೂರು ದಿನ ಬರ್ಲಿಲ್ಲ."