ಕ್ಯಾಮೆರಾ ಮುಂದಿನ ವಿಭೂತಿ

ಒಂದೇ ಕಡೆ ಕೂತು ನನಗೆ ಗೊತ್ತೇ ಇಲ್ಲ. ಅಂಥವಳಿಗೆ ಎರಡು ತಾಸು ಕ್ಯಾಮೆರಾ ಎದುರು ಕತ್ತು ತಿರುಗಿಸದೆ ಕೂರುವ ಪರೀಕ್ಷೆ ಬಂತು. ಮಸ್ಕಿಯ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಆನ್‌ಲೈನ್ ಬೋಧನೆಯ ಕೋರ್ಸ್ ಪಾಸಾಗದವರಿಗೆ ಮುಂದಿನ ವರ್ಷ ತರಗತಿ ಇಲ್ಲವೆಂದು ಹೇಳಿಬಿಟ್ಟಿದ್ದರು. ಏಳು ವರ್ಷ ಪಾಠ ಮಾಡಿದವಳಿಗೆ ಪಾಠ ಮಾಡಲು ಬರುತ್ತದೆಂದು ಒಂದು ಕಾಗದ ಬೇಕಂತೆ! ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಪಾಠಗಳನ್ನೆಲ್ಲ ಕೇಳಿದೆ. ನಡುವೆ ನೆಟ್‌ವರ್ಕ್ ಹೋದರೆ ಬಸ್ಸಿಗೇ ಬೈಯುತ್ತಿದ್ದೆ.

ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಮನೆಯಲ್ಲಿ ನನ್ನದೇ ಗದ್ದಲ. ಫ್ಯಾನ್ ಬಂದ್, ಕುಕ್ಕರ್ ಬಂದ್, ಟಿ.ವಿ. ಬಂದ್.

“ಅತ್ತೀ, ಎರಡು ತಾಸು ಒಂದು ಮಾತು ಕೇಳಿಸಬಾರದು ನೋಡ್ರಿ. ಸಪ್ಪಳಾದ್ರ ನನ್ನ ಪರೀಕ್ಷಾ ಹೋತು.”

“ಆತು ಬಿಡವ್ವ, ನಾ ಯಾಕ ಮಾತಾಡ್ಲಿ,” ಎಂದರು ಅತ್ತೆ.

ಕೋಣೆಗೆ ಚಿಲಕವಿರಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ ಲ್ಯಾಪ್‌ಟಾಪಿನ ಮುಂದೆ ಕುಳಿತೆ.

ಮನೆಯಿಂದ ಯಾರು ಯಾವ ಪರೀಕ್ಷೆಗೆ ಹೊರಟರೂ ಅತ್ತೆ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದೇ ಕಳಿಸುವವರು. ನನ್ನ ಗಂಡ ಡ್ರೈವಿಂಗ್ ಲೈಸೆನ್ಸಿಗೆ ಹೋದಾಗಲೂ ಬಿಟ್ಟಿಲ್ಲ. ಆ ದಿನ ನನ್ನ ಗಡಿಬಿಡಿಯಲ್ಲಿ ಅದು ತಪ್ಪಿಹೋಗಿತ್ತು. ಹದಿನೆಂಟನೆಯ ಪ್ರಶ್ನೆಯಲ್ಲಿದ್ದೆ. ಬಾಗಿಲು ಮೆಲ್ಲಗೆ ಸರಿಯಿತು. ಅತ್ತೆ ತುದಿಗಾಲಲ್ಲಿ ಬಂದು, ಉಸಿರು ಬಿಗಿಹಿಡಿದು, ನನ್ನ ಹಣೆಗೆ ವಿಭೂತಿ ಎಳೆದರು. ಪರದೆ ಕೆಂಪಾಯಿತು. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ, ಪರೀಕ್ಷೆ ರದ್ದಾಗಿದೆ ಎಂಬ ಸಾಲು ಬಂತು.

“ಏನ್ ಮಾಡಿದ್ರೀ ಇದು! ನಿಮ್ಮ ಇಬತ್ತಿ ನನ್ನ ನೌಕರಿ ತಿಂತು!” ಎಂದು ಚೀರಿದೆ.

“ಯವ್ವಾ, ಸಪ್ಪಳ ಮಾಡಬ್ಯಾಡ್ರಿ ಅಂದಿದ್ದಿ. ನಾ ಬಾಯಿ ಬಿಚ್ಚಿಲ್ಲಲ್ಲ...”

ಅದನ್ನು ಕೇಳಿ ಇನ್ನಷ್ಟು ಸಿಟ್ಟು ಬಂತು. ತಪ್ಪು ನನ್ನದೇ ಇತ್ತಲ್ಲ, ಅದಕ್ಕೆ. ಒಳಗೆ ಬರಬೇಡಿ ಎಂದು ನಾನು ಹೇಳಿರಲೇ ಇಲ್ಲ. ಒಪ್ಪಿಕೊಳ್ಳಲು ಮಾತ್ರ ಮನಸ್ಸಾಗಲಿಲ್ಲ. ಎರಡು ದಿನ ಅವರು ಕೊಟ್ಟ ಚಹಾ ಮುಟ್ಟಲಿಲ್ಲ. ಸಣ್ಣ ಬುದ್ಧಿ ನನ್ನದು.

ಅರ್ಜಿ ಹಾಕಿ, ಫೋನ್ ಮಾಡಿ ಕಾಡಿ ಬೇಡಿ, ಎರಡು ತಿಂಗಳ ಮೇಲೆ ಇನ್ನೊಂದು ಅವಕಾಶ ಸಿಕ್ಕಿತು. ಅದೇ ಕೊನೆಯದು. ಈ ಸಲ ನಾನು ಹೇಳುವ ಮೊದಲೇ ಫ್ಯಾನು, ಟಿ.ವಿ. ಎಲ್ಲ ಬಂದ್ ಆಗಿದ್ದವು. ಅತ್ತೆ ಕಣ್ಣಿಗೇ ಬೀಳಲಿಲ್ಲ. ಪರದೆಯ ಮೂಲೆಯಲ್ಲಿ ನನ್ನ ಬರಿ ಹಣೆ ನನಗೇ ಕಾಣುತ್ತಿತ್ತು. ಜೀವ ಚಡಪಡಿಸಿತು. ಹೋಗಿ ಕರೆಯೋಣವೆಂದರೆ ಸಮಯ ಶುರುವಾಗಿಬಿಟ್ಟಿತ್ತು. ಬಾಗಿಲ ಕಡೆ ನೋಡಿದೆ. ದೃಷ್ಟಿ ಬೇರೆಡೆ ಹೋಗುತ್ತಿದೆ ಎಂದು ಎಚ್ಚರಿಕೆ ಬಂತು. ತಡೆಯಲಾಗದೆ ಮತ್ತೆ ನೋಡಿದೆ. ಎರಡನೆಯ ಎಚ್ಚರಿಕೆ. ಮೂರನೆಯದಕ್ಕೆ ರದ್ದು. ತೊಡೆ ಚಿವುಟಿಕೊಂಡು ಕೂತು ಹೇಗೋ ಮುಗಿಸಿದೆ. ಪಾಸಾಗಿದ್ದೀರಿ ಎಂದು ಅಲ್ಲೇ ತೋರಿಸಿತು.

ಎದ್ದು ಬಾಗಿಲು ತೆರೆದೆ. ಯಾರೂ ಒಳಗೆ ಬರದಂತೆ ಅತ್ತೆ ಹೊಸ್ತಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಿದ್ದರು. ನೀರಲ್ಲಿ ಕಲೆಸಿಟ್ಟುಕೊಂಡ ವಿಭೂತಿ ಅಂಗೈಯಲ್ಲೇ ಒಣಗಿ ಬೆಳ್ಳಗಾಗಿತ್ತು.

“ಮುಗೀತೇನವ್ವ? ಈಗರ ಹಚ್ಚಲೇನು?”

ಪಾಸಾದೆನೆಂದು ಹೇಳುವುದನ್ನೂ ಮರೆತು ಅವರ ಮುಂದೆ ಹಣೆ ಬಗ್ಗಿಸಿ ಕೂತೆ.