ರಾದೊಯ್ಕಾಳ ಫಿಚಾ ಮತ್ತು ಮರದ ಸೌಟು

ಉಜಿತ್ಸೆ ಪಟ್ಟಣದ ಮೇಲಿನ ಬೀದಿಯಲ್ಲಿ ರಾದೊಯ್ಕಾಳ ಫಿಚಾ ಕಾರಿನಲ್ಲಿ ಕೂರದವರೇ ಇಲ್ಲ. ಮದುಮಗಳು, ಹಾಸಿಗೆ, ಆಡಿನ ಮರಿ, ಒಮ್ಮೆ ಹೊಡೆದಾಡಿಕೊಂಡ ಅಣ್ಣತಮ್ಮಂದಿರು, ಎಲ್ಲವೂ ಆ ಅಂಗೈಯಗಲದ ಗಾಡಿಯಲ್ಲಿ ಹೋಗಿಬಂದಿವೆ. ಅಂಗಿ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ತುಳಿದ ದುಡಿಮೆಯಲ್ಲಿ ಅವಳೇ ಕೊಂಡದ್ದು, ಅವಳೇ ಓಡಿಸುವುದು. ಗಂಡ ವಿತೊಮಿರನಿಗೆ ಸ್ಟಿಯರಿಂಗ್ ಮುಟ್ಟುವ ಯೋಗವೇ ಬರಲಿಲ್ಲ. ಪಾಪ, ಅವನ ಪಾಲಿಗೆ ಪಕ್ಕದ ಸೀಟು ಮತ್ತು ಬೈಗುಳ.

ಫಿಚಾದ ಎಂಜಿನ್ ಹಿಂದಿರುತ್ತದೆ, ಏರು ಕಂಡರೆ ಸಾಕು ಕುದಿಯುತ್ತದೆ. ಅದಕ್ಕೇ ಆ ಕಡೆಯವರು ಗಾಳಿಯಾಡಲೆಂದು ಹಿಂದಿನ ಮುಚ್ಚಳವನ್ನು ಅರ್ಧ ಎತ್ತಿ, ಸಿಕ್ಕಿದ ಕೋಲನ್ನು ಆಸರೆ ಕೊಟ್ಟು ಓಡಿಸುತ್ತಾರೆ. ರಾದೊಯ್ಕಾ ಕೊಟ್ಟದ್ದು ಮರದ ಸೌಟು. ಸುಟ್ಟ ಕೆಂಪು ಮೆಣಸಿನಕಾಯಿಯ ಅಜ್ವರ್ ಚಟ್ನಿ ಕಾಯಿಸುವ ದಿನಗಳಲ್ಲಿ ಅದು ಕೊಪ್ಪರಿಗೆಯಲ್ಲಿ, ಉಳಿದ ವರ್ಷವೆಲ್ಲ ಕಾರಿನ ಬೆನ್ನಲ್ಲಿ.

ಈ ಸಲದ ತಪಾಸಣೆಯಲ್ಲಿ ಹೊಗೆ ಅಳೆದವನು ಆಗಲ್ಲ ಎಂದುಬಿಟ್ಟ. ಹೊಸ ಕಾನೂನಿನ ಪ್ರಕಾರ ಇಷ್ಟು ಹೊಗೆಯ ಗಾಡಿಗೆ ನೋಂದಣಿ ಇಲ್ಲ. ಹಳೆಯ ಕಾಲದ ವಾಹನವೆಂದು ದಾಖಲಾದರೆ ಮಾತ್ರ ರಿಯಾಯಿತಿ. ಅದಕ್ಕೆ ಗಾಡಿ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು, ಎಂಜಿನ್ ಬದಲಾಗಿರಬಾರದು, ಕೈಯಾರೆ ಏನನ್ನೂ ಸೇರಿಸಿರಬಾರದು. ಇಲ್ಲವಾದರೆ ನಂಬರ್ ಪ್ಲೇಟ್ ಬಿಚ್ಚಿ ಗುಜರಿಗೆ. ಗುಜರಿ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಅವಳಿಗೆ ಊಟ ಸೇರಲಿಲ್ಲ.

ಆ ದಾಖಲಾತಿಯ ಪರೀಕ್ಷೆ ನಡೆಯುವುದು ಗುಡ್ಡದ ಮೇಲೆ. ಬೇರೆ ಜಾಗವೇ ಸಿಗಲಿಲ್ಲವೇನೋ ಪುಣ್ಯಾತ್ಮರಿಗೆ! ರಾದೊಯ್ಕಾ ಗಾಡಿಯನ್ನು ಫಳಫಳ ತೊಳೆದಳು, ಸೌಟನ್ನು ಅಡುಗೆಮನೆಯಲ್ಲಿಟ್ಟಳು, ಮುಚ್ಚಳ ಭದ್ರಪಡಿಸಿ, ವಿತೊಮಿರನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟಳು. ಅರ್ಧ ಏರುವಷ್ಟರಲ್ಲಿ ಹಿಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಅವಳು ಇಳಿದು ರಸ್ತೆಬದಿಯಲ್ಲಿ ಕೂತುಬಿಟ್ಟಳು. ಆಗ ವಿತೊಮಿರ್ ಕೋಟಿನೊಳಗಿನಿಂದ ಸೌಟನ್ನು ಮೆಲ್ಲಗೆ ಹೊರತೆಗೆದ.

"ಬೈಬೇಡ ಕಣೇ. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಜೀವನದಲ್ಲಿ ಮೊದಲ ಬಾರಿಗೆ ಅವಳು ಬೈಯಲಿಲ್ಲ. ಎಂಜಿನ್ ಆರಿದ ಮೇಲೆ ನೀರು ತುಂಬಿದರು, ಮುಚ್ಚಳಕ್ಕೆ ಸೌಟು ಕೊಟ್ಟರು, ಹೊರಟರು. ಮೇಲಿನ ತಿರುವಿನಲ್ಲಿ ಅದನ್ನು ತೆಗೆದು ಬಚ್ಚಿಡುವುದು ಅವಳ ಲೆಕ್ಕಾಚಾರ. ಆದರೆ ಪರೀಕ್ಷಕ ಮಿಲೆಂಕೊ ಆ ತಿರುವಿನಲ್ಲೇ ಸಿಗರೇಟು ಸೇದುತ್ತ ನಿಂತಿದ್ದ. ಸೌಟು ತೆಗೆಯಲು ಹೊತ್ತೇ ಸಿಗಲಿಲ್ಲ.

ಅವನು ದೀಪ ನೋಡಿದ, ಸೀಟು ತಟ್ಟಿದ, ಬಾಗಿಲು ತೆರೆದು ಮುಚ್ಚಿದ. ಕೊನೆಗೆ ಹಿಂದಕ್ಕೆ ಬಂದು ನಿಂತ.

"ಇದೇನಮ್ಮಾ?"

"ಅಜ್ವರ್ ತಿರುವೋ ಸೌಟು ಸ್ವಾಮಿ. ತೆಗೆದುಬಿಡ್ತೀನಿ. ಗಾಡೀದಲ್ಲ ಅದು."

"ಮುಟ್ಟಬೇಡಿ," ಎಂದ ಅವನು. "ಮುಚ್ಚಳ ಹಾಕ್ಕೊಂಡು, ತಣ್ಣಗೆ ಈ ಏರು ಹತ್ತಿ ಬಂದ ಫಿಚಾಗಳನ್ನ ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ. ಒಂದ್ರಲ್ಲೂ ಅದರದೇ ಎಂಜಿನ್ ಇಲ್ಲ, ಎಲ್ಲಾ ಬೇರೆ ಗಾಡೀದು. ನಿಮ್ಮದು ಕುದ್ದಿದೆ, ಅಂದ್ರೆ ಅಸಲಿ. ನಮ್ಮಮ್ಮ ಅವಳ ಫಿಚಾಗೆ ಪೊರಕೆ ಹಿಡಿ ಕೊಡ್ತಿದ್ಲು."

ಹೀಗೆಂದು ಬಗ್ಗಿ ಎಂಜಿನ್ನಿನ ನಂಬರನ್ನು ತಾಳೆ ನೋಡಿದ. ಅದೂ ಸರಿಯಿತ್ತು, ಹಳೆಯ ಕಾಲದ ವಾಹನವೆಂದು ಬರೆದುಕೊಂಡ. ದಾಖಲೆಗೆ ಫೋಟೊ ಹಿಡಿಯುವಾಗ ಸೌಟು ವಾರೆಯಾಗಿದೆಯೆಂದು ತಾನೇ ನೆಟ್ಟಗೆ ನಿಲ್ಲಿಸಿದ. ಅಂಗಿ ಕಾರ್ಖಾನೆ ಮುಚ್ಚಿ ಕೆಲಸ ಹೋದ ದಿನವೂ ಅಳದ ರಾದೊಯ್ಕಾ ಅಲ್ಲಿ ನಿಂತು ಮುಸುಮುಸು ಅತ್ತಳು.

ಇಳಿಜಾರಿನಲ್ಲಿ ವಿತೊಮಿರ್ ತಡೆಯಲಾರದೆ ಕೇಳಿದ. ಮುಂದಿನ ವಾರವೇ ಅಜ್ವರ್ ಕಾಯಿಸಬೇಕು, ಮನೆಗೆ ಹೋದಮೇಲೆ ಸೌಟನ್ನು ಒಳಗೆ ತಂದಿಡಲೇ ಎಂದು.

"ಪೇಟೇಲಿ ಹೊಸದೊಂದು ತಗೋ ಮಾರಾಯ," ಎಂದಳು ರಾದೊಯ್ಕಾ. "ಇದು ಗಾಡೀದು."